ಸೊಟ್ಟ ಬೀದಿಯ ಹಳೇ ಚೀನಿ ಹೋಟೆಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಹಳೇ ಹೋಟೆಲುಗಳ ಬಗ್ಗೆ ಬರೆಯುವಾಗ ನ್ಯೂಯಾರ್ಕಿನ ಚೈನಾಟೌನ್‌ನಲ್ಲಿರುವ ನಾಮ್ ವಾ ಟೀ ಪಾರ್ಲರ್ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಎಂಟಿಆರ್ ಬಗ್ಗೆ ಪತ್ರಗಳು ಬರುತ್ತವೆ ಅಂದುಕೊಂಡಿದ್ದೆ. ಬಂದದ್ದೆಲ್ಲ ಆ ಒಂದು ಸಾಲಿನ ಮೇಲೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ನಾವು ಅಲ್ಲಿಗೆ ಹೋಗಿದ್ದಾಗ ಅಳಿಯಂದಿರು ಈ ಹೋಟೆಲಿಗೆ ಕರೆದುಕೊಂಡು ಹೋಗಿದ್ದರು. 1920ರಿಂದ ಇದೆ ಅಂದರು. ಅಮೆರಿಕದಲ್ಲಿ ಮೂವತ್ತು ವರ್ಷ ಆದ ಅಂಗಡಿಯನ್ನೇ ಪುರಾತನ ಅಂತಾರೆ. ಇದು ಹೇಗೆ ಉಳಿಯಿತು? ನಡೆಸಿದವರು ಯಾರು? (ದಾವಣಗೆರೆಯ ಓದುಗರು)

ನಿಮ್ಮ ಅಳಿಯಂದಿರು ಹೇಳಿದ್ದು ಸರಿ. 1920ರಲ್ಲೇ ಶುರುವಾದದ್ದು. ಅಂದರೆ ನಮ್ಮ ಎಂಟಿಆರ್‌ಗಿಂತ ನಾಲ್ಕು ವರ್ಷ ಹಿರಿದು. ಮ್ಯಾನ್‌ಹಾಟನ್ ಚೈನಾಟೌನ್‌ನಲ್ಲಿ ಡಾಯರ್ಸ್ ಸ್ಟ್ರೀಟ್ ಅಂತ ಒಂದು ಪುಟ್ಟ ಬೀದಿ ಇದೆ, ನೀವು ನೋಡಿದ್ದೀರಲ್ಲ, ಸುಮಾರು 200 ಅಡಿ ಉದ್ದ, ಮಧ್ಯದಲ್ಲಿ ಗಕ್ಕನೆ ತಿರುಗುತ್ತದೆ. ಮೊದಲು ಹೋಟೆಲು ಅಲ್ಲಿನ 15ನೇ ನಂಬರಿನಲ್ಲಿತ್ತು. 1968ರಲ್ಲಿ ಪಕ್ಕದ ಕಟ್ಟಡಕ್ಕೆ ಬಂತು. ನೀವು ಕೂತು ತಿಂದದ್ದು ಈ ಎರಡನೇ ಜಾಗದಲ್ಲಿ.

ಬಹಳ ಕಾಲ ಅದನ್ನು ನಡೆಸಿದವರು ಚಾಯ್ ಕುಟುಂಬದವರು. ಆಗ ಅದು ಹೋಟೆಲು ಅನ್ನುವುದಕ್ಕಿಂತ ಬೇಕರಿ ಮತ್ತು ಚಹಾ ಅಂಗಡಿ. ಬಾದಾಮಿ ಬಿಸ್ಕತ್ತು, ಶರತ್ಕಾಲದ ಹುಣ್ಣಿಮೆ ಹಬ್ಬಕ್ಕೆ ಮೂನ್‌ಕೇಕ್, ಕೆಂಪು ಅಲಸಂದೆಯ ಹಾಗೆ ಕಾಣುವ ಒಂದು ಕಾಳನ್ನು ಬೇಯಿಸಿ ಅರೆದು ಸಕ್ಕರೆ ಹಾಕಿ ಮಾಡಿದ ಹೂರಣ, ಇವೇ ಅದಕ್ಕೆ ಹೆಸರು ತಂದದ್ದು. ಜೊತೆಗೆ ಡಿಮ್ ಸಮ್ ಅನ್ನುವ ಸಣ್ಣ ಸಣ್ಣ ತಿಂಡಿಗಳು. ಕೂಲಿ ಮುಗಿಸಿ ಬಂದ ಗಂಡಸರು ಒಂದು ಕೆಟಲ್ ಚಹಾ ತರಿಸಿ, ಎರಡು ತಟ್ಟೆ ತಿಂಡಿ ಇಟ್ಟುಕೊಂಡು, ಊರ ಮಾತಾಡುತ್ತಾ ಕೂರುವ ಜಾಗ.

1950ರಲ್ಲಿ ವಾಲಿ ಟ್ಯಾಂಗ್ ಅನ್ನುವ ಹದಿನಾರು ವರ್ಷದ ಹುಡುಗ ಚೀನಾದಿಂದ ಬಂದು ಇಲ್ಲಿ ಕೆಲಸಕ್ಕೆ ಸೇರಿದ. ಅಡುಗೆಮನೆಯಿಂದ ಶುರು ಮಾಡಿ ಮ್ಯಾನೇಜರ್ ಆಗುವ ತನಕ ಬೆಳೆದ. 1974ರಲ್ಲಿ ಚಾಯ್ ಕುಟುಂಬದವರಿಂದ ಹೋಟೆಲನ್ನು ಕೊಂಡುಕೊಂಡ, ಕಟ್ಟಡದ ಸಮೇತ. ಈ 'ಕಟ್ಟಡದ ಸಮೇತ' ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಹೇಗೆ ಉಳಿಯಿತು ಅಂತ ಕೇಳಿದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ.

ಜನ ಇಂಥ ಜಾಗಗಳ ಬಗ್ಗೆ ಬರೆಯುವಾಗ 'ಅದೇ ರುಚಿ, ಅದೇ ಕೈಗುಣ' ಅಂತ ಹಾಡಿ ಹೊಗಳುತ್ತಾರೆ. ರುಚಿ ಬೇಕು, ಇಲ್ಲ ಅನ್ನಲ್ಲ. ಆದರೆ ಆ ಬೀದಿಯ ಸುತ್ತ ಅಷ್ಟೇ ರುಚಿಯಾಗಿ ಮಾಡುತ್ತಿದ್ದ ಎಷ್ಟೋ ಹೋಟೆಲುಗಳು ಬಾಡಿಗೆ ಕಟ್ಟಲಾಗದೆ ಹೋದವು. ಇದು ನಿಂತಿತು. ಮ್ಯಾನ್‌ಹಾಟನ್‌ನಲ್ಲಿ ನಮ್ಮದೇ ಗೋಡೆ, ನಮ್ಮದೇ ಮಹಡಿ ಅಂತ ಇದ್ದರೆ, ಗಿರಾಕಿ ಕಡಿಮೆಯಾದ ವರ್ಷಗಳಲ್ಲೂ ಬಾಗಿಲು ತೆಗೆದುಕೊಂಡು ಕೂರಬಹುದು. ವಾಲಿ ಟ್ಯಾಂಗ್ ಮಾಡಿದ್ದೂ ಅದೇ. ವಯಸ್ಸಾದ ಮೇಲೆ ಹೋಟೆಲು ಸಾಕಷ್ಟು ಸಪ್ಪಗಾಗಿತ್ತು. ಹಳೇ ಗಿರಾಕಿಗಳು, ಡಬ್ಬಿಯಲ್ಲಿ ಬಾದಾಮಿ ಬಿಸ್ಕತ್ತು, ಅಷ್ಟೆ.

2010ರ ಹೊತ್ತಿಗೆ ವಾಲಿಯ ಸೋದರನ ಕಡೆಯ ಹುಡುಗ ವಿಲ್ಸನ್ ಟ್ಯಾಂಗ್ ವಹಿಸಿಕೊಂಡರು. ಅವರು ಹಣಕಾಸು ಕಂಪನಿಗಳಲ್ಲಿ ಕೆಲಸ ಮಾಡಿದವರು. 2001ರ ಸೆಪ್ಟೆಂಬರ್ 11ರ ದಾಳಿ ನಡೆದಾಗ ಅವರ ಕೆಲಸ ಇದ್ದದ್ದು ವರ್ಲ್ಡ್ ಟ್ರೇಡ್ ಸೆಂಟರಿನಲ್ಲೇ. ಕೈತುಂಬ ಸಂಬಳ ಬಿಟ್ಟು ಮನೆಯವರ ಹೋಟೆಲಿಗೆ ಬರ್ತೀನಿ ಅಂದರೆ ಮನೆಯಲ್ಲಿ ಖುಷಿಪಡುತ್ತಾರಾ? ಪಾತ್ರೆ ಉಜ್ಜಿ, ಹಿಟ್ಟು ನಾದಿ ಬೆಳೆದ ತಲೆಮಾರಿಗೆ ಮಕ್ಕಳು ಆಫೀಸಿನಲ್ಲಿ ಕೂತು ಕೆಲಸ ಮಾಡಬೇಕು ಅನ್ನುವುದೇ ದೊಡ್ಡ ಆಸೆ. ಅವರ ಮನೆಯಲ್ಲೂ ಹಾಗೇ ಇತ್ತು.

ಅವರು ಮಾಡಿದ ಜಾಣತನ ಏನು ಅಂದರೆ, ಅಡುಗೆಮನೆ ಬದಲಾಯಿಸಿದರು, ಊಟದ ಕೋಣೆಯನ್ನು ಮುಟ್ಟಲಿಲ್ಲ. ಕೆಂಪು ಸೀಟಿನ ಬೂತುಗಳು, ಹಳೇ ಕೌಂಟರ್, ಕಾಲ ಕಂಡ ನೆಲ, ಎಲ್ಲ ಹಾಗೇ. ತಳ್ಳುಗಾಡಿಯಲ್ಲಿ ತಿಂಡಿ ತಂದು ಟೇಬಲ್ ಟೇಬಲ್‌ಗೂ ತೋರಿಸುವ ಪದ್ಧತಿ ಇತ್ತಲ್ಲ, ಅದನ್ನು ಬಿಟ್ಟರು. ಈಗ ಪೇಪರ್ ಚೀಟಿ ಮತ್ತು ಪೆನ್ಸಿಲ್ ಕೊಡುತ್ತಾರೆ. ಬೇಕಾದದ್ದಕ್ಕೆ ಗುರುತು ಹಾಕಿ ಕೊಟ್ಟರೆ ಆಗಲೇ ಬೇಯಿಸಿ ತರುತ್ತಾರೆ. ಕೆಲವು ಹಳಬರಿಗೆ ಗಾಡಿ ಹೋದದ್ದು ಬೇಜಾರು. ನನಗೆ ಬೇಜಾರಿಲ್ಲ. ನಾಲ್ಕು ಸುತ್ತು ತಿರುಗಿ ಆರಿದ ಕಡುಬನ್ನು ತಿನ್ನುವುದಕ್ಕಿಂತ ಚೀಟಿ ಬರೆದು ಹತ್ತು ನಿಮಿಷ ಕಾಯುವುದು ವಾಸಿ ಅಲ್ವಾ?

ಪ್ರಶ್ನೆ: ಆ ಬೀದಿಗೆ 'ರಕ್ತದ ತಿರುವು' ಅಂತ ಹೆಸರಿತ್ತು, ಅಲ್ಲಿ ನೂರಾರು ಕೊಲೆ ಆಗಿದ್ದವು ಅಂತ ಯೂಟ್ಯೂಬ್‌ನಲ್ಲಿ ನೋಡಿದೆ. ನಿಜವಾ? (ಮೈಸೂರಿನ ಓದುಗರು)

ಅರ್ಧ ನಿಜ, ಅರ್ಧ ವ್ಯಾಪಾರ.

ಹೆಸರು ಇದ್ದದ್ದು ನಿಜ. ಇಪ್ಪತ್ತನೇ ಶತಮಾನದ ಮೊದಲ ಕೆಲವು ದಶಕ ಚೈನಾಟೌನ್‌ನಲ್ಲಿ ಹಿಪ್ ಸಿಂಗ್ ಮತ್ತು ಆನ್ ಲಿಯಾಂಗ್ ಅನ್ನುವ ಎರಡು ಸಂಘಗಳ ನಡುವೆ ಜಗಳ. ಇವನ್ನು 'ಟಾಂಗ್' ಅಂತಿದ್ದರು. ಊರು ಬಿಟ್ಟು ಬಂದವರಿಗೆ ಸಾಲ, ಆಸರೆ, ಪಂಚಾಯಿತಿ ಎಲ್ಲ ಇವೇ. ಜೂಜಿನ ಅಡ್ಡೆಗಳ ಹಫ್ತಾ ಕೂಡ ಇವೇ ನೋಡಿಕೊಳ್ಳುತ್ತಿದ್ದವು. ಜಗಳ ಶುರುವಾಗುತ್ತಿದ್ದದ್ದು ಹೆಚ್ಚಾಗಿ ಆ ಹಫ್ತಾದ ವಿಷಯಕ್ಕೆ. ಡಾಯರ್ಸ್ ಸ್ಟ್ರೀಟಿನಲ್ಲಿ ಒಂದು ಚೀನಿ ನಾಟಕಶಾಲೆಯೂ ಇತ್ತು. 1905ರ ಆಗಸ್ಟಿನಲ್ಲಿ ಆಟ ನಡೆಯುತ್ತಿದ್ದಾಗಲೇ ಒಳಗೆ ಪಟಾಕಿ ಹಚ್ಚಿ, ಆ ಸದ್ದಿನ ನಡುವೆ ಗುಂಡು ಹಾರಿಸಿ ಎದುರು ಗುಂಪಿನವರನ್ನು ಕೊಂದರು. ಬೀದಿ ತಿರುಗುವ ಜಾಗದಲ್ಲಿ ಆಚೆ ಯಾರು ನಿಂತಿದ್ದಾರೆ ಅಂತ ಈಚೆಯವರಿಗೆ ಕಾಣುವುದಿಲ್ಲ. ಹೊಂಚು ಹಾಕುವವರಿಗೆ ಒಳ್ಳೇ ಜಾಗ. ಪತ್ರಿಕೆಯವರು ಆ ಹೆಸರನ್ನು ಎತ್ತಿಕೊಂಡು ಮೆರೆಸಿದರು.

ಈಗ ವ್ಯಾಪಾರದ ಭಾಗ. ಅದೇ ಕಾಲಕ್ಕೆ ಊರಿನ ಮೇಲಿನ ಬಡಾವಣೆಗಳ ಬಿಳಿಯರು ದುಡ್ಡು ಕೊಟ್ಟು ಚೈನಾಟೌನ್ ನೋಡಲು ಬರುತ್ತಿದ್ದರು. ಚಕ್ ಕಾನರ್ಸ್ ಅಂತ ಒಬ್ಬ ಗೈಡು ಅವರನ್ನು ಕತ್ತಲ ಓಣಿಗಳಲ್ಲಿ ತಿರುಗಿಸಿ, ಅಫೀಮು ಸೇದುವ ಕೋಣೆ ಅಂತ ಒಂದನ್ನು ತೋರಿಸುತ್ತಿದ್ದ. ಕೋಣೆ ಬಾಡಿಗೆಯದು, ಸೇದುವವರು ಸಂಬಳಕ್ಕೆ ಕೂತ ನಟರು. ಪ್ರವಾಸಿಗಳಿಗೆ ಮೈ ಜುಂ ಅನ್ನಬೇಕು, ಅಷ್ಟೆ. 'ಅಮೆರಿಕದಲ್ಲೇ ಅತಿ ಹೆಚ್ಚು ಕೊಲೆಯಾದ ತಿರುವು' ಅನ್ನುವ ಮಾತನ್ನು ಅದೇ ಗಾಳಿಯಲ್ಲಿ ಹುಟ್ಟಿದ್ದು ಅಂತ ತಿಳಿಯಿರಿ. ಕೊಲೆಗಳಾದವು, ಹೌದು. ಆದರೆ ಅಲ್ಲಿದ್ದ ಬಹುಪಾಲು ಜನ ಬಟ್ಟೆ ಒಗೆದು, ಇಸ್ತ್ರಿ ಹಾಕಿ, ಅಡುಗೆ ಮಾಡಿ, ಊರಿಗೆ ದುಡ್ಡು ಕಳಿಸಿ ಬದುಕಿದವರು. ಅವರ ಬಗ್ಗೆ ಯಾರೂ ವಿಡಿಯೊ ಮಾಡುವುದಿಲ್ಲ. 1930ರ ದಶಕ ಮುಗಿಯುವ ಹೊತ್ತಿಗೆ ಟಾಂಗ್ ಜಗಳಗಳು ತಣ್ಣಗಾಗಿದ್ದವು.

ಅಂದಹಾಗೆ ಡಾಯರ್ ಅನ್ನುವವನು ಚೀನಿಯವನಲ್ಲ. ಹೆಂಡ್ರಿಕ್ ಡಾಯರ್ ಅಂತ, ಹದಿನೆಂಟನೇ ಶತಮಾನದ ಡಚ್ ಮೂಲದ ಮನುಷ್ಯ, ಅಲ್ಲಿ ಸಾರಾಯಿ ಭಟ್ಟಿ ಇಟ್ಟಿದ್ದ.

ಪ್ರಶ್ನೆ: ಚೀನಿಯರು ಅಮೆರಿಕಕ್ಕೆ ಬರದಂತೆ ಕಾನೂನು ಇತ್ತು ಅಂತ ಓದಿದ್ದೇನೆ. ಹಾಗಿದ್ದರೆ 1920ರಲ್ಲಿ ಚೀನಿ ಹೋಟೆಲು ತೆರೆಯಲು ಬಿಟ್ಟವರು ಯಾರು? ಲೆಕ್ಕ ತಾಳೆ ಆಗ್ತಿಲ್ಲ. (ಹುಬ್ಬಳ್ಳಿಯ ಓದುಗರು)

ನಿಮ್ಮ ಪತ್ರ ಬಂದದ್ದು ಒಳ್ಳೆಯದಾಯಿತು. ಈ ಹೋಟೆಲಿನ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸುವ ಭಾಗ ಇದೇ.

ಮೊದಲು ಹಿನ್ನೆಲೆ. ಚಿನ್ನದ ಆಸೆಗೆ, ಆಮೇಲೆ ರೈಲು ಹಳಿ ಹಾಕುವ ಕೂಲಿಗೆ ಅಂತ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಿಂದ, ಅದರಲ್ಲೂ ಟೋಯ್‌ಸಾನ್ ಸುತ್ತಮುತ್ತಲ ಹಳ್ಳಿಗಳಿಂದ ಜನ ಕ್ಯಾಲಿಫೋರ್ನಿಯಾಕ್ಕೆ ಬಂದರು. ಅಮೆರಿಕವನ್ನು ಅಡ್ಡಲಾಗಿ ದಾಟುವ ರೈಲು ಮಾರ್ಗ 1869ರಲ್ಲಿ ಮುಗಿಯಿತು. ಪಶ್ಚಿಮದ ಕಡೆಯ ಬೆಟ್ಟ ಕೊರೆದವರಲ್ಲಿ ಸಾವಿರಾರು ಮಂದಿ ಚೀನಿಯರು. ಕೆಲಸ ಮುಗಿದದ್ದೇ ತಡ, ಇವರು ನಮ್ಮ ಕೂಲಿ ಕಿತ್ತುಕೊಳ್ಳುತ್ತಿದ್ದಾರೆ ಅಂತ ಬಿಳಿಯರ ಗಲಾಟೆ ಶುರು. ಊರೂರುಗಳಿಂದ ಹೊಡೆದು ಓಡಿಸಿದರು. ಹಾಗೆ ಪೂರ್ವಕ್ಕೆ ಸರಿದವರು ನ್ಯೂಯಾರ್ಕಿನ ಮಾಟ್ ಸ್ಟ್ರೀಟ್, ಪೆಲ್ ಸ್ಟ್ರೀಟ್, ಡಾಯರ್ಸ್ ಸ್ಟ್ರೀಟ್ ಅನ್ನುವ ಮೂರು ಬೀದಿಗಳಲ್ಲಿ ಬೀಡುಬಿಟ್ಟರು. ಚೈನಾಟೌನ್ ಅಂದರೆ ಆಗ ಇಷ್ಟೇ.

1882ರಲ್ಲಿ ಚೀನಿ ಕೂಲಿಗಾರರು ದೇಶದೊಳಗೆ ಬರಬಾರದು ಅಂತ ಕಾನೂನೇ ಬಂತು. ಮೊದಲು ಹತ್ತು ವರ್ಷಕ್ಕೆ ಅಂದರು. 1892ರಲ್ಲಿ ಮತ್ತೆ ಮುಂದುವರಿಸಿದರು. 1902ರಲ್ಲಿ ಕಾಯಂ ಮಾಡಿದರು. ಹೆಂಗಸರು ಬರಲು ಇನ್ನೂ ಮೊದಲೇ, 1875ರಿಂದಲೇ ಅಡ್ಡಿ ಇತ್ತು. ಹಾಗಾಗಿ ಚೈನಾಟೌನ್ ಅಂದರೆ ಬರೀ ಗಂಡಸರ ಊರು. ಹೆಂಡತಿ ಮಕ್ಕಳು ಚೀನಾದಲ್ಲಿ, ಇವನು ಇಲ್ಲಿ. ಮನೆಯಲ್ಲಿ ಅಡುಗೆ ಮಾಡುವವರು ಯಾರೂ ಇಲ್ಲದ ಊರಿನಲ್ಲಿ ಚಹಾ ಅಂಗಡಿಗಳು ತುಂಬಿ ತುಳುಕಿದ್ದರಲ್ಲಿ ಆಶ್ಚರ್ಯ ಏನಿದೆ?

ಕಾನೂನಿನಲ್ಲಿ ಒಂದು ಕಿಂಡಿ ಇತ್ತು. ಕೂಲಿಗಾರ ಬರಬಾರದು, ವ್ಯಾಪಾರಿ ಬರಬಹುದು. ವ್ಯಾಪಾರಿಯಾದರೆ ಚೀನಾಕ್ಕೆ ಹೋಗಿ ವಾಪಸ್ ಬರಬಹುದು, ಮನೆಯವರನ್ನು ಕರೆತರಬಹುದು. ಆದರೆ ಹೋಟೆಲು ನಡೆಸುವವನು ವ್ಯಾಪಾರಿಯೋ ಕೂಲಿಯೋ? ಅಧಿಕಾರಿಗಳು ಬಹಳ ಕಾಲ ಕೂಲಿ ಅಂತಲೇ ಎಣಿಸುತ್ತಿದ್ದರು. 1915ರಲ್ಲಿ ಒಂದು ಫೆಡರಲ್ ಕೋರ್ಟು, ಹೋಟೆಲು ಮಾಲೀಕನನ್ನೂ ವ್ಯಾಪಾರಿ ಅಂತ ಒಪ್ಪಬಹುದು ಎಂದು ತೀರ್ಪು ಕೊಟ್ಟಿತು. ಅಲ್ಲಿಂದ ನೋಡಿ, ಹೋಟೆಲುಗಳ ಸಾಲೇ ಸಾಲು. 1910ರಿಂದ 1920ರ ನಡುವೆ ನ್ಯೂಯಾರ್ಕಿನ ಚೀನಿ ಹೋಟೆಲುಗಳ ಸಂಖ್ಯೆ ಸುಮಾರು ನಾಲ್ಕು ಪಟ್ಟಾಯಿತು ಅಂತ ವಲಸೆ ಕಡತಗಳನ್ನು ಕೆದಕಿದ ಇತಿಹಾಸಕಾರರು ಹೇಳುತ್ತಾರೆ.

ಕಿಂಡಿ ಅಂದೆ, ಬಾಗಿಲು ಅಲ್ಲ. ನುಗ್ಗುವುದು ಸುಲಭ ಇರಲಿಲ್ಲ. ಮಾಲೀಕ ಅನ್ನಿಸಿಕೊಂಡವನು ಒಂದು ವರ್ಷ ಕೈಕೆಲಸ ಮಾಡಿರಬಾರದು. ಪಾತ್ರೆ ತೊಳೆಯುವಂತಿಲ್ಲ, ಬಡಿಸುವಂತಿಲ್ಲ, ಗಲ್ಲಾದಲ್ಲಿ ಕೂರುವುದಕ್ಕೂ ಯೋಚಿಸಬೇಕು. ಇವನು ನಿಜವಾಗಿ ವ್ಯಾಪಾರಿ ಅಂತ ಚೀನಿಯರಲ್ಲದ ಇಬ್ಬರು ಸಾಕ್ಷಿ ಹೇಳಬೇಕು. ಹಾಲು ಹಾಕುವವನೋ, ಮಾಂಸದ ಅಂಗಡಿಯವನೋ ಸಿಗುತ್ತಿದ್ದರು. ಹೋಟೆಲು ಕೂಡ ದೊಡ್ಡದಾಗಿ, ಠೀವಿಯಾಗಿ ಇರಬೇಕು. ಹಾಗಾಗಿ ಹತ್ತಾರು ಜನ ಸೇರಿ ಪಾಲು ಹಾಕಿ ಒಂದು ಹೋಟೆಲು ತೆರೆಯುತ್ತಿದ್ದರು. ಒಬ್ಬ ವರ್ಷ, ಒಂದೂವರೆ ವರ್ಷ ಮ್ಯಾನೇಜರ್ ಆಗಿ ಕೋಟು ಹಾಕಿಕೊಂಡು ಕೂತು, ಕಾಗದಪತ್ರ ಮಾಡಿಸಿ, ಊರಿಗೆ ಹೋಗಿ ಮಗನನ್ನು ಕರೆತಂದ ಮೇಲೆ ಮುಂದಿನವನ ಸರದಿ. ನಮ್ಮ ಕಡೆಯ ಚೀಟಿ ವ್ಯವಹಾರದ ಹಾಗೇ, ಎತ್ತುವುದು ದುಡ್ಡಲ್ಲ, ವೀಸಾ. ಬುದ್ಧಿವಂತಿಕೆ ಅಂದರೆ ಇದು. ನ್ಯೂಯಾರ್ಕಿನಲ್ಲಿ ಆ ಹತ್ತು ವರ್ಷದಲ್ಲಿ ಅಷ್ಟೊಂದು ಚೀನಿ ಹೋಟೆಲು ಎದ್ದದ್ದು ಅಮೆರಿಕನ್ನರ ನಾಲಗೆ ಚಪಲದಿಂದ ಮಾತ್ರ ಅಲ್ಲ, ಈ ಕಾನೂನಿನಿಂದಲೂ ಹೌದು. ನಾಮ್ ವಾ ಬಾಗಿಲು ತೆರೆದದ್ದು ಈ ಭರಾಟೆಯ ನಡುವೆಯೇ.

ಇನ್ನೊಂದು ದಾರಿ ಕಳ್ಳದಾರಿ. 1906ರ ಭೂಕಂಪದ ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜನನ ದಾಖಲೆಗಳು ಸುಟ್ಟು ಹೋದವು. ನಾನು ಇಲ್ಲೇ ಹುಟ್ಟಿದವನು ಅಂದರೆ ಇಲ್ಲ ಅನ್ನಲು ಕಾಗದವೇ ಇಲ್ಲ. ಹಾಗೆ ಪೌರರಾದವರು ಊರಿನ ಬೇರೆಯವರ ಮಕ್ಕಳನ್ನೂ ತಮ್ಮ ಮಕ್ಕಳು ಅಂತ ಬರೆಸಿ ಕರೆಸಿಕೊಂಡರು. ಹಡಗು ಇಳಿದ ಹುಡುಗನನ್ನು ಅಧಿಕಾರಿಗಳು ನಿನ್ನ ಮನೆಗೆ ಎಷ್ಟು ಮೆಟ್ಟಿಲು, ಬಾವಿ ಯಾವ ದಿಕ್ಕಿಗೆ, ಅಕ್ಕಿ ಡಬ್ಬ ಎಲ್ಲಿದೆ ಅಂತ ಗಂಟೆಗಟ್ಟಲೆ ಕೇಳುತ್ತಿದ್ದರು. ಹುಡುಗ ಎಲ್ಲ ಬಾಯಿಪಾಠ ಮಾಡಿಕೊಂಡು ಬಂದಿರುತ್ತಿದ್ದ.

1943ರಲ್ಲಿ, ಯುದ್ಧದಲ್ಲಿ ಚೀನಾ ಮಿತ್ರರಾಷ್ಟ್ರ ಆಗಿದ್ದ ಕಾಲಕ್ಕೆ, ಆ ಕಾನೂನು ಹೋಯಿತು. ಬದಲಿಗೆ ವರ್ಷಕ್ಕೆ 105 ಚೀನಿಯರು ಬರಬಹುದು ಅಂದರು. ದೇಶಕ್ಕೆಲ್ಲ ನೂರೈದು! ನಗಬೇಡಿ, ನಮಗೂ ಇದೇ ಮರ್ಯಾದೆ. ಭಾರತೀಯರನ್ನು 1917ರಲ್ಲಿ ತಡೆದಿದ್ದರು, 1946ರಲ್ಲಿ ವರ್ಷಕ್ಕೆ 100 ಜನ ಅಂತ ಮಾಡಿದರು. ಇಬ್ಬರಿಗೂ ಬಾಗಿಲು ತೆರೆದದ್ದು 1965ರ ಕಾನೂನು. ಇವತ್ತು ನ್ಯೂಜೆರ್ಸಿಯಲ್ಲಿ ಇಷ್ಟೊಂದು ಕನ್ನಡದ ಮನೆಗಳಿರುವುದೂ, ಚೈನಾಟೌನ್ ಮೂರು ಬೀದಿ ದಾಟಿ ಹತ್ತಾರು ಬೀದಿಗೆ ಹರಡಿದ್ದೂ ಒಂದೇ ಕಾನೂನಿನಿಂದ.

ಪ್ರಶ್ನೆ: ಇದೇ ಅಮೆರಿಕದ ಅತಿ ಹಳೆಯ ಚೀನಿ ಹೋಟೆಲಾ? (ತುಮಕೂರಿನ ಓದುಗರು)

ಅಲ್ಲ. ಮೊಂಟಾನಾ ರಾಜ್ಯದ ಬ್ಯೂಟ್ ಅನ್ನುವ ತಾಮ್ರದ ಗಣಿ ಊರಿನಲ್ಲಿ ಪೆಕಿನ್ ನೂಡಲ್ ಪಾರ್ಲರ್ ಇದೆ, ಅದು 1911ರಿಂದ ನಡೆಯುತ್ತಿದೆ. ನಾಮ್ ವಾ ನ್ಯೂಯಾರ್ಕ್ ಚೈನಾಟೌನ್‌ನ ಅತಿ ಹಳೆಯ ಡಿಮ್ ಸಮ್ ಜಾಗ, ಆ ಮಟ್ಟಿಗೆ ಮಾತು ಸರಿ.

ಪ್ರಶ್ನೆ: ನಮ್ಮ ಜಯನಗರದ ಚೈನೀಸ್ ಹೋಟೆಲುಗಳಲ್ಲಿ 'ಅಮೆರಿಕನ್ ಚಾಪ್‌ಸೂಯಿ' ಅಂತ ಕೊಡ್ತಾರೆ. ಕುರುಕಲು ನೂಡಲ್ಸ್, ಮೇಲೆ ಕೆಂಪು ಸಿಹಿ ಸಾಸು, ಅದರ ಮೇಲೆ ಮೊಟ್ಟೆ. ಅಮೆರಿಕದ ಚೀನಿಯರು ಇದನ್ನೇ ತಿನ್ನುತ್ತಿದ್ದರಾ? ನಾಮ್ ವಾದಲ್ಲಿ ಸಿಗುತ್ತಾ? (ಬೆಂಗಳೂರಿನ ಓದುಗರು)

ಅಲ್ಲಿಗೆ ಹೋಗಿ ಇದನ್ನು ಕೇಳಬೇಡಿ, ಪಾಪ, ಅವರಿಗೆ ಏನೂ ಅರ್ಥ ಆಗಲ್ಲ.

ಅಮೆರಿಕದಲ್ಲಿ ಚಾಪ್‌ಸೂಯಿ ಅಂದರೆ ಮಾಂಸದ ತುಂಡು, ಹೆಸರುಕಾಳಿನ ಮೊಳಕೆ, ಸೆಲರಿ, ಈರುಳ್ಳಿ ಹಾಕಿ ಬಾಡಿಸಿ ಗಟ್ಟಿ ಗೊಜ್ಜು ಮಾಡಿ ಅನ್ನದ ಮೇಲೆ ಸುರಿಯುವುದು. ಟೋಯ್‌ಸಾನ್ ಕಡೆಯ ಮನೆಯಡುಗೆಯೊಂದು ಅಮೆರಿಕನ್ನರ ಬಾಯಿಗೆ ತಕ್ಕಂತೆ ಬದಲಾದದ್ದು ಅಂತ ಹೆಚ್ಚಿನವರು ಒಪ್ಪುತ್ತಾರೆ. 1896ರಲ್ಲಿ ಚೀನಾದ ದೊಡ್ಡ ರಾಜನೀತಿಜ್ಞ ಲಿ ಹಾಂಗ್‌ಜಾಂಗ್ ನ್ಯೂಯಾರ್ಕಿಗೆ ಬಂದಾಗ ಅವನ ಅಡುಗೆಯವನು ಇದನ್ನು ಕಂಡುಹಿಡಿದ ಅನ್ನುವ ಕಥೆ ಎಲ್ಲ ಕಡೆ ಓಡಾಡುತ್ತದೆ. ಸುಳ್ಳು. ಅದಕ್ಕಿಂತ ಮೊದಲೇ ನ್ಯೂಯಾರ್ಕಿನಲ್ಲಿ ಚಾಪ್‌ಸೂಯಿ ಬಗ್ಗೆ ಬರೆದವರಿದ್ದಾರೆ. ಆದರೆ ಅವನು ಬಂದು ಹೋದ ಮೇಲೆ ಊರಿಗೆ ಊರೇ ಚಾಪ್‌ಸೂಯಿ ಹುಚ್ಚಿಗೆ ಬಿದ್ದದ್ದು ನಿಜ.

ಇನ್ನು ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಕಡೆ 'ಅಮೆರಿಕನ್ ಚಾಪ್‌ಸೂಯಿ' ಅಂತಲೇ ಒಂದು ತಿಂಡಿ ಇದೆ. ಅದು ಮ್ಯಾಕರೋನಿ, ದನದ ಮಾಂಸದ ಕೈಮಾ, ಟೊಮೆಟೊ! ಚೀನಾಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ನಮ್ಮ ಕೆಂಪು ಸಾಸಿನದು ಭಾರತದ ಚೀನಿ ಹೋಟೆಲುಗಳದೇ ಸೃಷ್ಟಿ. ಟೊಮೆಟೊ ಸಾಸ್ ಹಾಕಿದ್ದಕ್ಕೆ ಅಮೆರಿಕನ್ ಅನ್ನಿಸಿಕೊಂಡಿತೋ ಏನೋ. ನನಗಂತೂ ಅದರ ಮೇಲೆ ಆಕ್ಷೇಪ ಇಲ್ಲ, ನೂಡಲ್ಸ್ ಮೆತ್ತಗಾಗುವ ಮೊದಲು ತಿಂದು ಮುಗಿಸಬೇಕು ಅಷ್ಟೆ.

ನಾಮ್ ವಾದ ಹೆಗ್ಗಳಿಕೆ ಎಗ್ ರೋಲು. ಮೊಟ್ಟೆಯನ್ನೇ ತೆಳ್ಳಗೆ ದೋಸೆ ಹಾಗೆ ಹರಡಿ, ಅದರೊಳಗೆ ಕೋಳಿ ಮಾಂಸ, ತರಕಾರಿಯ ಪಲ್ಯ ಸುತ್ತಿ, ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಬೇರೆ ಕಡೆ ಮೈದಾ ಹಾಳೆಯಲ್ಲಿ ಸುತ್ತುತ್ತಾರೆ. ಹಾಗಾಗಿ ಇಲ್ಲಿಯದು ಗಾತ್ರದಲ್ಲೂ ದೊಡ್ಡದು. ಇಬ್ಬರು ಹಂಚಿಕೊಳ್ಳಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಮುಂದಿನ ತಿಂಗಳು ಮಗನ ಮನೆಗೆ ಹೋಗ್ತಿದ್ದೇವೆ. ಡಿಮ್ ಸಮ್ ಅಂದರೆ ಏನು, ಅಲ್ಲಿ ನಮಗೆ ತಿನ್ನಲು ಏನಾದರೂ ಸಿಗುತ್ತಾ, ಸುಮ್ನೆ ಚಹಾ ಕುಡಿದು ಬರಬೇಕಾ? (ಉಡುಪಿಯ ಓದುಗರು)

ಉಡುಪಿಯವರೇ ಹೀಗೆ ಕೇಳಿದರೆ ಹೇಗೆ! ಹಬೆಯಲ್ಲಿ ಬೇಯಿಸಿದ ಕಡುಬು ನಿಮಗೆ ಹೊಸದಲ್ಲ. ಡಿಮ್ ಸಮ್ ಅಂದರೆ ಚಹಾದ ಜೊತೆ ತಿನ್ನುವ ಸಣ್ಣ ಸಣ್ಣ ತಿಂಡಿಗಳು, ಒಂದೊಂದು ಬಿದಿರಿನ ಬುಟ್ಟಿಯಲ್ಲಿ ಮೂರು ನಾಲ್ಕು. ಅಕ್ಕಿ ಹಿಟ್ಟಿನ ಹಾಳೆಯ ಸುರುಳಿ, ಉಬ್ಬಿದ ಬನ್ನು, ಮೋದಕದ ಹಾಗೆ ಮಡಚಿದ ಕಡುಬು, ಮೂಲಂಗಿ ತುರಿದು ಅಕ್ಕಿ ಹಿಟ್ಟಿನಲ್ಲಿ ಬೇಯಿಸಿ ಕತ್ತರಿಸಿ ಕಾವಲಿಯ ಮೇಲೆ ಕೆಂಪಗೆ ಮಾಡಿದ ತುಂಡು. ಕ್ಯಾಂಟನ್, ಅಂದರೆ ಆಗಲೇ ಹೇಳಿದ ಗ್ವಾಂಗ್‌ಡಾಂಗ್, ಆ ಕಡೆಯ ಪದ್ಧತಿ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಮನೆಮಂದಿಯೆಲ್ಲ ಕೂತು, ಹರಟುತ್ತಾ, ಕೆಟಲ್ ಮೇಲೆ ಕೆಟಲ್ ಚಹಾ ಕುಡಿಯುತ್ತಾ ತಿನ್ನುವುದು. ಹಾಲು ಸಕ್ಕರೆ ಇಲ್ಲದ ಚಹಾ, ಮೊದಲೇ ಹೇಳಿಬಿಡುತ್ತೇನೆ.

ಸಸ್ಯಾಹಾರದ ವಿಷಯ ಸ್ವಲ್ಪ ಎಚ್ಚರ. ತರಕಾರಿ ಕಡುಬು, ತರಕಾರಿ ಸುರುಳಿ ಸಿಗುತ್ತವೆ. ಆದರೆ ಚೀನಿ ಅಡುಗೆಮನೆಯಲ್ಲಿ 'ತರಕಾರಿ' ಅಂದರೆ ನಮ್ಮ ಲೆಕ್ಕದ ತರಕಾರಿ ಅಂತ ನಂಬುವ ಹಾಗಿಲ್ಲ. ಸೊಪ್ಪಿಗೆ ಆಯ್ಸ್ಟರ್ ಸಾಸ್ ಸುರಿಯುತ್ತಾರೆ, ಅದು ಚಿಪ್ಪುಮೀನಿನದು. ಮೂಲಂಗಿ ತುಂಡು ನೋಡಲು ಸಾಧು, ಒಳಗೆ ಸಾಮಾನ್ಯವಾಗಿ ಒಣ ಸಿಗಡಿಯೋ ಚೀನಿ ಸಾಸೇಜೋ ಇರುತ್ತದೆ. ಹಳೇ ಪದ್ಧತಿಯ ಬೇಕರಿ ತಿಂಡಿಗಳಿಗೆ ಹಂದಿ ಕೊಬ್ಬು ಹಾಕುವುದುಂಟು. ಬಾದಾಮಿ ಬಿಸ್ಕತ್ತು ಅಂತ ಕಣ್ಣು ಮುಚ್ಚಿ ಬಾಯಿಗೆ ಹಾಕಬೇಡಿ, ಕೇಳಿ ತಿನ್ನಿ. ಪಾತ್ರೆ, ಎಣ್ಣೆ ಬೇರೆ ಇರಲೇಬೇಕು ಅನ್ನುವವರಾದರೆ ಅಲ್ಲಿಗೆ ಹೋಗಿ ಸಂಕಟಪಡುವುದೇ ಬೇಡ. ಚೈನಾಟೌನ್‌ನಲ್ಲಿ ಬೌದ್ಧ ಪದ್ಧತಿಯ ಪೂರ್ತಿ ಸಸ್ಯಾಹಾರಿ ಚೀನಿ ಹೋಟೆಲುಗಳಿವೆ, ಈರುಳ್ಳಿ ಬೆಳ್ಳುಳ್ಳಿ ಬಿಡುವವರೂ ಇದ್ದಾರೆ. ತಿಂಡಿ ಅಲ್ಲಿ ಮುಗಿಸಿ, ಡಾಯರ್ಸ್ ಸ್ಟ್ರೀಟನ್ನು ಸುಮ್ನೆ ನಡೆದು ನೋಡಿ ಬನ್ನಿ. 2021ರಲ್ಲಿ ರಸ್ತೆಯ ಮೇಲೆಯೇ ಬಣ್ಣದ ದೊಡ್ಡ ಚಿತ್ರ ಬರೆದಿದ್ದರು, ವಾಹನಗಳ ಕಾಟವೂ ಕಡಿಮೆ.

ಯಾರಾದರೂ ನಿಮಗೆ ಚಹಾ ಬಗ್ಗಿಸಿ ಕೊಟ್ಟರೆ ಎರಡು ಬೆರಳಿನಿಂದ ಟೇಬಲ್ ಮೇಲೆ ಮೆಲ್ಲಗೆ ತಟ್ಟಿ, ಅದು ಥ್ಯಾಂಕ್ಸ್. ಕೆಟಲ್ ಖಾಲಿಯಾದರೆ ಮುಚ್ಚಳ ಅರ್ಧ ತೆರೆದಿಡಿ, ಕೂಗುವುದೇ ಬೇಡ, ಬಂದು ತುಂಬಿಸುತ್ತಾರೆ.

ಪ್ರಶ್ನೆ: ಕೋವಿಡ್‌ನಲ್ಲಿ ನಮ್ಮ ಊರಿನ ನಾಲ್ಕು ಹಳೇ ಹೋಟೆಲು ಮುಚ್ಚಿದವು. ಅಲ್ಲಿ ಏನಾಯಿತು? (ಶಿವಮೊಗ್ಗದ ಓದುಗರು)

ಅಲ್ಲಿ ಹೊಡೆತ ಎರಡನೆಯದು. ಮೊದಲನೆಯದು 2001. ವರ್ಲ್ಡ್ ಟ್ರೇಡ್ ಸೆಂಟರಿನಿಂದ ಚೈನಾಟೌನ್‌ಗೆ ಒಂದು ಮೈಲಿಯೂ ಇಲ್ಲ. ದಾಳಿಯಾದ ಮೇಲೆ ಸುತ್ತಲ ರಸ್ತೆಗಳಿಗೆ ಪೊಲೀಸ್ ಅಡ್ಡಗಟ್ಟೆ ಬಿತ್ತು. ಪಾರ್ಕ್ ರೋ ಅನ್ನುವ ಮುಖ್ಯ ದಾರಿ ಜನರ ವಾಹನಗಳಿಗೆ ಆಮೇಲೂ ತೆರೆಯಲಿಲ್ಲ. ಚೈನಾಟೌನ್‌ನ ಗಾರ್ಮೆಂಟ್ಸ್ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಅಲ್ಲಿ ಹೊಲಿಯುತ್ತಿದ್ದ ಹೆಂಗಸರೇ ಬೇಕರಿ, ಹೋಟೆಲುಗಳ ದಿನದ ಗಿರಾಕಿಗಳು. ಅವರು ಹೋದರೆ ವ್ಯಾಪಾರ ಎಲ್ಲಿಂದ?

2020ರಲ್ಲಿ ಇನ್ನೊಂದು ಥರ. ನ್ಯೂಯಾರ್ಕಿನಲ್ಲಿ ಮೊದಲ ಕೋವಿಡ್ ರೋಗಿ ಪತ್ತೆಯಾದದ್ದು ಮಾರ್ಚ್ 1ಕ್ಕೆ. ಚೈನಾಟೌನ್ ಖಾಲಿಯಾದದ್ದು ಅದಕ್ಕೂ ಮೊದಲು, ಜನವರಿ ಫೆಬ್ರವರಿಯಲ್ಲೇ. ರೋಗ ಬರುವ ಮೊದಲು ಭಯ ಬಂತು, ಅದೂ ಚೀನಿ ಮುಖ ನೋಡಿ ಬಂದ ಭಯ. ಮಾರ್ಚ್ ಮಧ್ಯದಲ್ಲಿ ಒಳಗೆ ಕೂತು ತಿನ್ನುವುದೇ ನಿಂತಿತು. ನಾಮ್ ವಾಗೆ ಅದು ನೂರನೇ ವರ್ಷ. ಅವರು ಕಡುಬುಗಳನ್ನು ಫ್ರೀಜ್ ಮಾಡಿ ಪ್ಯಾಕೆಟ್ ಕಟ್ಟಿ ಮಾರಿದರು. ಅಷ್ಟರಲ್ಲಾಗಲೇ ಫಿಲಡೆಲ್ಫಿಯಾದಲ್ಲೂ, ಚೀನಾದ ಶೆನ್‌ಜೆನ್‌ನಲ್ಲೂ ಶಾಖೆ ತೆರೆದು ನೋಡಿದ್ದರು. ನ್ಯೂಯಾರ್ಕಿನ ಚೀನಿ ಹೋಟೆಲಿನ ಶಾಖೆ ಚೀನಾದಲ್ಲಿ! ಧೈರ್ಯ ಮೆಚ್ಚಬೇಕು.

ಎಲ್ಲರಿಗೂ ಹಾಗೆ ಆಗಲಿಲ್ಲ. ಅಲ್ಲೇ ಹತ್ತಿರದ ಜಿಂಗ್ ಫಾಂಗ್ ಅನ್ನುವ ಹೋಟೆಲಿನ ಎಂಟುನೂರು ಜನ ಕೂರುವ ದೊಡ್ಡ ಹಾಲು, ಮದುವೆ ಊಟಗಳೆಲ್ಲ ನಡೆಯುತ್ತಿದ್ದ ಜಾಗ, 2021ರ ಮಾರ್ಚಿನಲ್ಲಿ ಮುಚ್ಚಿತು. ಕೆಲಸಗಾರರು ಬೀದಿಯಲ್ಲಿ ನಿಂತು ಪ್ರತಿಭಟನೆ ಮಾಡಿದರು. ಕಟ್ಟಡ ಹೋಟೆಲಿನವರದ್ದಾಗಿರಲಿಲ್ಲ. ಅವರು ಆಮೇಲೆ ಬೇರೆ ಕಡೆ ಇನ್ನೂ ಚಿಕ್ಕ ಜಾಗದಲ್ಲಿ ಶುರು ಮಾಡಿದರು. ನಿಮ್ಮ ಊರಿನ ಆ ನಾಲ್ಕು ಹೋಟೆಲುಗಳ ಕಟ್ಟಡ ಯಾರ ಹೆಸರಿನಲ್ಲಿತ್ತು ಅಂತ ವಿಚಾರಿಸಿ ಬರೆಯುತ್ತೀರಾ? ಮುಂದಿನ ಸಂಚಿಕೆಗೆ ಅದೇ ವಿಷಯ ತೆಗೆದುಕೊಳ್ಳೋಣ.